ಮಡ್ಲಕುರ್ವೆಯ ಕಪ್ಪುನೀರು ತಿಳಿಯಾದ ಬಗೆ

ಮಡ್ಲಕುರ್ವೆ,
೨೩೧೯ನೆಯ ಇಸವಿ, ಹದಿಮೂರನೆಯ ತಿಂಗಳ ಹನ್ನೊಂದನೆಯ ದಿನ

ಮುನ್ನೂರು ವರ್ಷ ಹಿಂದಿನ ನಮ್ಮ ಹಿರಿಯರಿಗೆ,

ಹದಿಮೂರನೆಯ ತಿಂಗಳು ಯಾವುದೆಂದು ನೀವು ಕೇಳುವಿರಿ. ನಮ್ಮ ಕೆಲಸವೆಲ್ಲ ಉಬ್ಬರ ಇಳಿತವನ್ನು ನೋಡಿಕೊಂಡು ನಡೆಯುವುದರಿಂದ ನಾವು ಚಂದ್ರನ ಲೆಕ್ಕದಲ್ಲೇ ತಿಂಗಳು ಎಣಿಸುತ್ತೇವೆ. ಕೆಲವು ವರ್ಷ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ. ಇನ್ನೂ ಕೆಲವು ಮಾತು ನಿಮಗೆ ಹೊಸದೆನ್ನಿಸಬಹುದು, ಮನ್ನಿಸಿ. ನಾನು ಶೇವಂತಿ ಅಂಬಿಗ, ಈ ಊರಿನ ನೀರುಗಾತಿ. ನೀರನ್ನು ಪರೀಕ್ಷಿಸಿ ಊರಿಗೆ ತಿಳಿಸುವವಳು ಎಂದರ್ಥ. ಕರಾವಳಿಯ ಪ್ರತಿ ಊರಿನಲ್ಲೂ ಈಗ ಒಬ್ಬರಿದ್ದಾರೆ. ನಮ್ಮದು ಹೊಳೆ ಕಡಲನ್ನು ಸೇರುವಲ್ಲಿನ ಪುಟ್ಟ ನಡುಗಡ್ಡೆ. ಇಳಿತದ ಹೊತ್ತಿಗೆ ಊರಿನ ಅರ್ಧ ಜನ ಮಂಡಿಯುದ್ದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪನ್ನು ಹೆಕ್ಕುತ್ತಾರೆ. ಊರಿನ ಊಟ, ವ್ಯಾಪಾರ ಎರಡೂ ಅದರಿಂದಲೇ.

ಊರಿನ ಪೂರ್ವಕ್ಕೆ ಒಂದು ಕಟ್ಟೆಯಿತ್ತು. ಕಡಲು ಏರಿದ ಕಾಲದಲ್ಲಿ ಗದ್ದೆಗೆ ಉಪ್ಪುನೀರು ನುಗ್ಗದಿರಲೆಂದು ನನ್ನ ಮುತ್ತಜ್ಜಿಯ ತಲೆಮಾರಿನವರು ಕಟ್ಟಿದ್ದು. ಗದ್ದೆಯಂತೂ ಉಳಿಯಲಿಲ್ಲ, ಕಟ್ಟೆಯ ಹಿಂದೆ ನೀರು ಮಾತ್ರ ನಿಂತಿತು. ನಿಂತ ನೀರಿನ ತಳಕ್ಕೆ ಗಾಳಿ ಮುಟ್ಟುವುದಿಲ್ಲ. ಅಲ್ಲಿನ ಕೆಸರಿನ ಸೂಕ್ಷ್ಮಜೀವಿಗಳು ಕಡಲುಪ್ಪಿನಲ್ಲಿರುವ ಗಂಧಕವನ್ನೇ ಉಸಿರಾಡಿ ಕೊಳೆಗಂಧಕವನ್ನು ಬಿಡುತ್ತವೆ. ನೀವು ಸಲ್ಫೈಡ್ ಎನ್ನುತ್ತಿದ್ದುದು ಇದನ್ನೇ. ಕೊಳೆತ ಮೊಟ್ಟೆಯ ವಾಸನೆ. ಅದು ಕರಗಿದ ನೀರನ್ನು ನಾವು ಕಪ್ಪುನೀರು ಎನ್ನುತ್ತೇವೆ. ಅದರಲ್ಲಿ ಚಿಪ್ಪೂ ಬದುಕದು, ಮೀನೂ ಬದುಕದು. ಕಡಲ ನಡುವೆ ಈ ಗಂಧಕ ಇದ್ದರೂ ಇಲ್ಲದಷ್ಟು. ದಡಕ್ಕೆ ಬಂದಂತೆ, ಅದರಲ್ಲೂ ಮೂಲೆ ಕೊರಕಲುಗಳ ತಳದಲ್ಲಿ, ಹೆಚ್ಚುತ್ತದೆ.

ಕಟ್ಟೆಯನ್ನು ಒಡೆದು ಕಡಲನ್ನು ಒಳಗೆ ಬಿಡೋಣವೆಂದು ಹೋದ ವರ್ಷ ಊರು ತೀರ್ಮಾನಿಸಿತು. ಒಡೆಯುವ ಮುಂಚೆ ಒಳಗಿನ ನೀರನ್ನು ಅಳೆಯುವ ಕೆಲಸ ನನ್ನದಾಯಿತು. ನಮ್ಮಲ್ಲೊಂದು ನೀಲಿಹನಿ ಇದೆ; ನೀರಿಗೆ ಹಾಕಿದರೆ ಕೊಳೆಗಂಧಕ ಇದ್ದಷ್ಟೂ ನೀಲಿ ಗಾಢವಾಗುತ್ತದೆ. ನಾನು ದೋಣಿಯಲ್ಲಿ ಹೋಗಿ ಮೂವತ್ತು ಕಡೆ ಬಾಟಲಿ ತುಂಬಿಸಿ, ಎಲ್ಲವನ್ನೂ ಮನೆಗೆ ತಂದು ಸಾವಕಾಶವಾಗಿ ಹನಿ ಹಾಕಿದೆ. ಒಂದೆರಡು ಕಡೆ ತೆಳು ನೀಲಿ, ಉಳಿದದ್ದು ಬರೀ ನೀರು. ಹೆದರಿಕೆ ಇಲ್ಲ, ಬರುವ ಹುಣ್ಣಿಮೆಗೆ ಒಡೆಯಬಹುದು ಎಂದು ಸಭೆಯಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ನನಗೂ ಸ್ವಲ್ಪ ಜಂಬ ಬಂತು.

ಮರುದಿನ ಬೆಳಿಗ್ಗೆ ಹೊನ್ನಮ್ಮಕ್ಕ ನಮ್ಮ ಜಗುಲಿಗೆ ಬಂದು ಕೂತಳು. ಅರವತ್ತು ದಾಟಿದವಳು, ಹತ್ತನೇ ವಯಸ್ಸಿನಿಂದ ಬಳಚು ಹೆಕ್ಕಿದವಳು. ಅವಳು ಬಳಚು ಹೆಕ್ಕುವ ಕೆಸರುದಿಬ್ಬ ಕಟ್ಟೆಯ ಹೊರಬದಿಗೆ ಅಂಟಿಕೊಂಡೇ ಇದೆ. ಏನೂ ಪೀಠಿಕೆಯಿಲ್ಲದೆ ಬಲಗಾಲು ಮುಂದೆ ಚಾಚಿದಳು. ಬೆರಳಿನ ಬೆಳ್ಳಿಯ ಕಾಲುಂಗುರ ಇದ್ದಿಲಿನಂತೆ ಕಪ್ಪಾಗಿತ್ತು.

“ನಿನ್ನೆ ಕಟ್ಟೆ ಬುಡದಲ್ಲಿ ನಿಂತಿದ್ದೆ ತಂಗಿ. ಒಂದೇ ಇಳಿತದಲ್ಲಿ ಹೀಂಗೆ ಆಯ್ತು. ನಿನ್ನ ಬಾಟ್ಲಿ ಎಂತ ಹೇಳ್ತದೋ ನಂಗೆ ಗೊತ್ತಿಲ್ಲ.”

ಕೊಳೆಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆಂಬುದು ನೀರುಗಾತಿಯ ಮೊದಲ ಪಾಠ. ಕಟ್ಟೆಯ ಕೆಳಗಿನಿಂದ ಜಿನುಗುವ ನೀರೇ ಹೀಗಿದ್ದರೆ ಒಳಗಿನದು ಹೇಗಿರಬೇಕು? ನನ್ನ ತಪ್ಪು ಆಗ ಹೊಳೆಯಿತು. ಗಾಳಿ ತಾಗಿದರೆ ಈ ಗಂಧಕ ಉಳಿಯುವುದಿಲ್ಲ. ನಾನು ಮೇಲುನೀರನ್ನು ಗುಳುಗುಳು ತುಂಬಿಸಿ, ದಾರಿಯುದ್ದಕ್ಕೂ ಕುಲುಕಿಸಿಕೊಂಡು ತಂದಿದ್ದೆ. ಅಳೆಯಬೇಕಾದದ್ದು ಬಾಟಲಿಯಲ್ಲೇ ಇಲ್ಲವಾಗಿತ್ತು.

ನಾನು ತಪ್ಪು ಅಳೆದೆನೆಂದು ಅವಳೆದುರು ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಹಾಗಾದರೆ ಎದ್ದು ನಡೆ, ದೋಣಿ ನಾನು ಹಿಡಿಯುತ್ತೇನೆ ಎಂದಳು. ಈ ಸಲ ಉದ್ದ ಕೊಳವೆಯನ್ನು ತಳದವರೆಗೆ ಇಳಿಸಿ, ಗುಳ್ಳೆ ಏಳದಂತೆ ನೀರೆಳೆದು, ದೋಣಿಯಲ್ಲೇ ಹನಿ ಹಾಕಿದೆ. ಮೇಲ್ಮೈಯಲ್ಲಿ ಬಣ್ಣವಿಲ್ಲ, ಎದೆಯಾಳದಲ್ಲಿ ಆಕಾಶದ ನೀಲಿ, ತಳದಲ್ಲಿ ಆಚೆ ಬದಿ ಕಾಣದಷ್ಟು ಕಡುನೀಲಿ. ಹುಣ್ಣಿಮೆಗೆ ಒಡೆದಿದ್ದರೆ ಅಷ್ಟೂ ಕಪ್ಪುನೀರು ಇಳಿತದೊಂದಿಗೆ ಬಳಚಿನ ದಿಬ್ಬಗಳ ಮೇಲೆ ಹರಿಯುತ್ತಿತ್ತು. ಊರಿನ ಅನ್ನವನ್ನು ನನ್ನ ಕೈಯಾರೆ ಕಳೆಯುತ್ತಿದ್ದೆ.

ಮತ್ತೆ ಸಭೆ ಸೇರಿಸಿ ಇದ್ದದ್ದನ್ನು ಹೇಳಿದೆ. ಕೆಲವರು ಮುಖ ತಿರುಗಿಸಿದರು. ಕಟ್ಟೆಯಲ್ಲಿನ ತೂಬಿನ ಉಸ್ತುವಾರಿಯ ಬೊಮ್ಮು ಗೌಡರು ಮಾತ್ರ ಲೆಕ್ಕ ಹಾಕುತ್ತಿದ್ದರು. “ಒಡೂದು ಬ್ಯಾಡ. ತೂಬಿನ ಮೇಲಿನ ಹಲಗೆ ಒಂದ್ ತೆಗೀವಾ. ಉಬ್ಬರ ಒಳಗೆ ಬರ್ಲಿ, ಇಳಿತಕ್ಕೆ ಮುಚ್ಚುವಾ. ನೀರಿಗೆ ಉಸಿರು ಬರೂವರೆಗೆ ಹೀಂಗೇ ನಡೀಲಿ,” ಎಂದರು.

ಒಳಗೆ ತುಂಬಿದ್ದು ಹೊರಗೂ ಹೋಗಬೇಕಲ್ಲ. ಬಣ್ಣ ಬಾರದ ಮೇಲುನೀರನ್ನಷ್ಟೇ ಇಳಿತಕ್ಕೆ ತೆಳ್ಳಗೆ ಹರಿಯಬಿಟ್ಟೆವು. ನಲವತ್ತಮೂರು ದಿನ ಹೀಗೆ ನಡೆಯಿತು. ದಿನಾ ಹೊನ್ನಮ್ಮಕ್ಕ ದೋಣಿ ಹಿಡಿದಳು, ನಾನು ಕೊಳವೆ ಇಳಿಸಿದೆ. ಅವಳು ತಂದ ಗಂಜಿಯನ್ನು ಇಬ್ಬರೂ ಉಂಡೆವು. ಹತ್ತನೆಯ ದಿನ ಎದೆಯಾಳದ ನೀಲಿ ಹೋಯಿತು. ಮೂವತ್ತರ ಹೊತ್ತಿಗೆ ತಳದ್ದು ತೆಳುವಾಯಿತು. ನಲವತ್ತಮೂರನೆಯ ದಿನ ಹನಿ ಹಾಕಿ ಕಾದೆವು, ಕಾದೆವು, ಬಣ್ಣವೇ ಬರಲಿಲ್ಲ. ಹೊನ್ನಮ್ಮಕ್ಕ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ ನಕ್ಕಳು. ಆ ನಗುವಿಗೆ ದೋಣಿ ಅಲ್ಲಾಡಿ ಇಬ್ಬರೂ ನೀರಿಗೆ ಬಿದ್ದೆವು. ಆ ನೀರಿಗೆ ಜನ ಇಳಿದು ತೊಂಬತ್ತು ವರ್ಷವಾಗಿತ್ತು.

ಮರುವಾರ ಕಟ್ಟೆ ಒಡೆದೆವು. ಹೊರಗಿನ ದಿಬ್ಬದಲ್ಲಿ ಒಂದು ಚಿಪ್ಪೂ ಸಾಯಲಿಲ್ಲ. ಈ ತಿಂಗಳು ಒಳಗಿನ ಕೆಸರಿನಲ್ಲಿ ಅಕ್ಕಿಕಾಳಿನಷ್ಟು ಮರಿ ಬಳಚು ಸಿಕ್ಕಿವೆ. ಊರೆಲ್ಲ ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಮತ್ತೆ ಅಲ್ಲೇ ಬಿಟ್ಟು ಬರುತ್ತಿದೆ.

ನಿಮ್ಮಲ್ಲಿ ಒಂದು ಕೋರಿಕೆಯಿದೆ. ನಿಮ್ಮ ಕಾಲದ ಅಳತೆಗಳನ್ನು ನಾನು ಬಹಳ ಹುಡುಕಿದೆ. ದೂರದ ಕಡಲಿನವು ಸಿಕ್ಕವು, ನಮ್ಮ ಹೊಳೆಯಂಚಿನದು ಒಂದೂ ಸಿಗಲಿಲ್ಲ. ಮೂಗು ಮುಚ್ಚಿಕೊಂಡು ದಾಟಿಹೋಗುವ ಆ ಮೂಲೆಗಳಿಗೆ ದಯವಿಟ್ಟು ಇಳಿಯಿರಿ. ಯಾವ ದಿನ, ಎಷ್ಟು ಆಳ, ಎಂಥ ವಾಸನೆ ಎಂದು ಬರೆದಿಡಿ. ಅಳತೆ ತಪ್ಪಾಗಿದ್ದರೆ ತಪ್ಪೆಂದೂ ಬರೆಯಿರಿ. ಕೊನೆಯಲ್ಲಿ ನಿಮ್ಮ ಹೆಸರು ಹಾಕುವುದನ್ನು ಮರೆಯಬೇಡಿ. ಇಲ್ಲಿ ನೀರಿಗಿಳಿಯುವಾಗ ಯಾರನ್ನು ನೆನೆಯಬೇಕೆಂದು ನಮಗೆ ಗೊತ್ತಿರಲಿ.

ನಿಮ್ಮ,
ಶೇವಂತಿ