ನಮ್ಮ ಮದುವೆಯ ಫೈಲಿಗೆ ಅವಳ ಹೆಸರು

ಹುಬ್ಬಳ್ಳಿ, ೨೨೧೯ರ ಫೆಬ್ರವರಿ ಮೂವತ್ತು

ಇಪ್ಪತ್ತೊಂದನೆಯ ಶತಮಾನದ ನನ್ನ ಹಿರಿಯರಿಗೆ,

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಾನು ಕೌಮುದಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ನನ್ನ ಗಂಡ ಸಾರಂಗ ಎಷ್ಟು ಚೆಂದ ಅಂದರೆ, ಅವನು ಚಹಾ ಸೋಸುವುದನ್ನು ನೋಡುತ್ತ ನಿಂತು ನನ್ನ ಲೋಟ ದಿನವೂ ಆರಿಹೋಗುತ್ತದೆ. ಅನುಮಾನ ಬರುವಷ್ಟು ಸುಖ.

ಅನುಮಾನ ಬಂದೂ ಬಿಟ್ಟಿತು.

ಹುಡುಕಿದವರಿಗೆ ಮೊದಲು ಸಿಗಲೆಂದು ಜಾಲತಾಣದ ಪುಟಕ್ಕೂ ಫೋಟೋದ ಫೈಲಿಗೂ ಹೆಸರು ಆರಿಸಿ ಇಡುವುದು ನಿಮ್ಮಲ್ಲಿ ವ್ಯಾಪಾರದವರ ಕೆಲಸವಂತೆ. ಈಗ ಪ್ರತಿ ಮನೆಗೂ ಒಂದು ಪುಟವಿದೆ. ಹುಡುಕಿದಾಗ ಮೇಲೆ ಬರುವ ಮನೆಗೆ ನೀರು ಮೊದಲು, ತರಕಾರಿ ಗಾಡಿ ಮೊದಲು, ಊಟದ ಕರೆಯೂ ಮೊದಲು. ಹೊಸ ಸೊಸೆ ಬಂದಾಗ ‘ಪುಟಪ್ರವೇಶ’ ಮಾಡುತ್ತೇವೆ: ಮದುವೆಯ ಫೋಟೋಗೆ ಅವಳೇ ಹೆಸರು ಬರೆದು, ಅರಿಶಿನದ ಬೆರಳಿನಿಂದ ಮನೆಯ ಪುಟಕ್ಕೆ ಏರಿಸಬೇಕು. ನಾನು ಹೆಸರು ಬರೆಯಲು ಹೋಗುವಷ್ಟರಲ್ಲಿ ಸಾರಂಗ ಏರಿಸಿಬಿಟ್ಟಿದ್ದ. ಫೋಟೋದಲ್ಲಿ ನಾವಿಬ್ಬರೇ. ಫೈಲಿನ ಹೆಸರು ಮಾತ್ರ ‘ಸಾರಂಗ-ಇಳಾ-ಮದುವೆ-ಹುಬ್ಬಳ್ಳಿ’.

ಇಳಾ ಯಾರೆಂದು ಕೇಳಿದೆ.

“ಯಾರೂ ಅಲ್ಲ ಬಿಡು. ಮೊದಲ ಒಂದು ಸಂಬಂಧ ನೋಡಿದ್ವಿ, ಮುರೀತು. ಹಳೇ ಹೆಸರಿಗೆ ಭಾಳ ಮಂದಿ ಬರ್ತಾರ, ಬದಲಿಸಿದ್ರ ಪುಟ ಕೆಳಗ ಬೀಳ್ತದ. ಅದಕ್ಕ ಆ ಫೋಟೋ ಅಷ್ಟ ತಗದು ನಮ್ದು ಹಾಕೀನಿ.”

ಹೋಳಿಗೆ ತಟ್ಟುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. “ಫೈಲಿನ ಹೆಸರು ಯಾರು ನೋಡ್ತಾರವಾ? ಫೋಟೋದಾಗ ನೀನ ಇದ್ದೀಯಲ್ಲ.”

“ಹಂಗಾದ್ರ ನನ್ನೂ ಇಳಾ ಅಂತನ ಕರೀರಿ ಅತ್ತಿ. ನೀರಾದ್ರೂ ಲಗೂ ಬರ್ತಾವ.”

ಅತ್ತೆ ನಕ್ಕರು. ಸಾರಂಗ ನಗಲಿಲ್ಲ. ಮುರಿದ ಸಂಬಂಧಕ್ಕೆ ಮದುವೆಯ ಫೋಟೋ ಎಲ್ಲಿಂದ ಬಂತು? ಅದನ್ನು ನಾನಿನ್ನೂ ಕೇಳಿಲ್ಲ.

ಅವನು ಕೆಲಸಕ್ಕೆ ಹೋದ ಮೇಲೆ ನಾನೇ ಹೆಸರು ತಿದ್ದಿ ಕೌಮುದಿ ಎಂದು ಬರೆದೆ. ನಮ್ಮ ಮನೆ ಓಣಿಯಲ್ಲೇ ಕೊನೆಗೆ ಬಿತ್ತು. ಈಗ ನೀರು ಸಂಜೆಗೆ. ಅತ್ತೆ ಕೊಡ ಕುಕ್ಕಿ ಇಡುತ್ತಾರೆ. ಸಾರಂಗ ಬೈಯಲೇ ಇಲ್ಲ. “ಚಲೋ ಮಾಡಿದಿ” ಎಂದು ತಬ್ಬಿಕೊಂಡ. ನಾನು ಕರಗಿಹೋದೆ.

ಆದರೆ ಇಲ್ಲದ ಫೈಲನ್ನು ಯಾರಾದರೂ ಹುಡುಕಿದರೆ, ಎಲ್ಲಿಂದ ಹುಡುಕಿದರೆಂದು ನಮ್ಮ ಪುಟಗಳು ತಿಳಿಸುತ್ತವೆ. ಇಳಾಳ ಹೆಸರಿನ ಫೈಲನ್ನು ಯಾರೋ ದಿನವೂ ಹುಡುಕುತ್ತಿದ್ದಾರೆ, ನಮ್ಮ ಮನೆಯಿಂದಲೇ. ಮನೆಯಲ್ಲಿರುವುದು ನಾವು ಮೂವರೇ, ಅತ್ತೆಗೆ ಓದಲು ಬರುವುದಿಲ್ಲ.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ಪುಟ ಮೇಲೆ ಬರದಿದ್ದರೆ ಬರದಿರಲಿ, ಫೋಟೋಗೆ ಅದರಲ್ಲಿ ಇರುವವರ ಹೆಸರನ್ನೇ ಇಡಿ. ಅವರನ್ನು ತೆಗೆದರೆ ಹೆಸರನ್ನೂ ತೆಗೆಯಿರಿ. ಮೇಲೆ ಬರಲೆಂದು ಹೆಸರಿಡುವ ಅಭ್ಯಾಸ ನಿಮ್ಮಿಂದ ಶುರುವಾಗದಿದ್ದರೆ ನಮ್ಮವರೆಗೆ ಬರುತ್ತಿರಲಿಲ್ಲ.

ಸಾರಂಗ ಹುಡುಕುತ್ತಿರುವುದು ನಮ್ಮ ಪುಟ ಕಳೆದುಕೊಂಡ ಮೇಲಿನ ಜಾಗವನ್ನೋ, ಅವಳನ್ನೋ ಗೊತ್ತಿಲ್ಲ. ಕೇಳುವ ಮೊದಲು ಯಾರಿಗಾದರೂ ಹೇಳಬೇಕಿತ್ತು, ನಿಮಗೆ ಹೇಳಿದೆ. ಬಾಗಿಲ ಸದ್ದಾಯಿತು, ಬಂದ. ಕೇಳಲು ಹೋಗುತ್ತೇನೆ.

ನಿಮ್ಮ ಕುಡಿ,
ಕೌಮುದಿ