ಓತಿಕೇತದ ಮಾತು, ಕೋಳಿಯ ಬೆರಳು

ಬಾಗಲಕೋಟೆ
೧೩ ಆಗಸ್ಟ್ ೧೯೭೯, ಸೋಮವಾರ

ನನ್ನ ಅವ್ವ ರಂಗವ್ವನಿಗೆ, ನಿನ್ನ ಲಗಮವ್ವ ಕಾಲಿಗೆ ಬಿದ್ದು ಬರೆಯುವುದು.

ಅತ್ತಿಗೆ ಹನಮವ್ವ ಇದನ್ನು ಓದುತ್ತಾಳೆ, ನೀನು ಜೋಳ ಹಸನು ಮಾಡುತ್ತ ಕೇಳುತ್ತೀ ಎಂದು ಗೊತ್ತು. ಇವತ್ತು ಮಾತ್ರ ಮೊರ ಕೆಳಗಿಟ್ಟು ಕೇಳು. ಆಯಿತು ಅವ್ವಾ, ಆಗಿಯೇ ಹೋಯಿತು! ನಿನ್ನೆ ಧಾರವಾಡದಿಂದ ನನ್ನ ಗುರುಗಳು ರಾಚಪ್ಪ ಸರ್ ಬಂದು, ನಾನು ಪಾಠ ಮಾಡುವ ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬೆರಳು ಎಣಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಆಮೇಲೆ “ಯವ್ವಾ, ಆರ ಅದಾವಲ್ಲ!” ಎಂದು ಅವರು ಕೂಗಿದ್ದಕ್ಕೆ ಜವಾನ ಗುರಪ್ಪ ಹಾವು ಬಂತೆಂದು ಬಡಿಗೆ ಹಿಡಿದು ಓಡಿ ಬಂದ.

“ನನ್ನ ಮಗಳು ಓತಿಕ್ಯಾತದ ಬಾಣಂತನ ಮಾಡ್ತಾಳ” ಎಂದು ನೀನು ನಮ್ಮೂರು ಮರೋಳದ ತುಂಬ ಹೇಳಿಕೊಂಡು ತಿರುಗುತ್ತೀಯಂತೆ. ಹಾಗಲ್ಲ, ಇನ್ನೊಮ್ಮೆ ಹೇಳುತ್ತೇನೆ. ಕೋಳಿಯ ತತ್ತಿ ಕಾವಿಗೆ ಕೂತು ಮೂರು ದಿನ ಕಳೆದ ಮೇಲೆ, ಒಳಗಿನ ಮರಿಗೆ ರೆಕ್ಕೆ ಬರುವ ಜಾಗದಲ್ಲಿ ಎಳ್ಳಿಗಿಂತ ಚಿಕ್ಕದೊಂದು ಮೊಗ್ಗು ಏಳುತ್ತದೆ. ಅದರಲ್ಲಿರುವ ಜೀವಕೋಶಗಳಿಗೆ ತಾವು ಯಾವ ಬೆರಳಾಗಬೇಕೆಂದು ಮೊದಲು ಗೊತ್ತಿರುವುದಿಲ್ಲ. ಮೊಗ್ಗಿನ ಹಿಂದಿನ ಅಂಚಿನ ಕೆಲವು ಕೋಶಗಳು ಉಳಿದವಕ್ಕೆ ಸುದ್ದಿ ಕಳಿಸುತ್ತವೆ: ಹತ್ತಿರದವರು ಈ ಬೆರಳಾಗಿರಿ, ದೂರದವರು ಆ ಬೆರಳಾಗಿರಿ ಎಂದು. ಆ ಸುದ್ದಿ ಯಾವ ವಸ್ತುವೋ ಇನ್ನೂ ಯಾರಿಗೂ ಗೊತ್ತಿಲ್ಲ. ನಾನು ಕೇಳಿದ್ದು ಇಷ್ಟೇ. ಅಂಥ ಅಂಚಿನ ಚೂರನ್ನು ಓತಿಕೇತದ ಮರಿಯಿಂದ ತಂದು ಕೋಳಿಯ ಮೊಗ್ಗಿನ ಮುಂದಿನ ಅಂಚಿಗೆ ಕೂರಿಸಿದರೆ, ಅದರ ಮಾತು ಕೋಳಿಗೆ ತಿಳಿದೀತೇ?

ಈ ಮಳೆಗಾಲವೇ ಕೊನೆ ಎಂದು ಸರ್ ಮೊದಲೇ ಹೇಳಿದ್ದರು. ನಾಲ್ಕು ವರ್ಷ ಮುಗಿದಿವೆ. ಈ ತಿಂಗಳ ಕೊನೆಗೆ ತೋರಿಸಲು ಏನೂ ಇಲ್ಲದಿದ್ದರೆ ನನ್ನ ಪಿಎಚ್.ಡಿ. ಹೆಸರು ರದ್ದು. ಮಳೆ ನಿಂತರೆ ಓತಿಕೇತ ತತ್ತಿ ಇಡುವುದೂ ಮುಗಿಯಿತು.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ನೀನು ಕಳಿಸಿದ ಮೊದಲ ಮೂರು ಡಬ್ಬಿ ತತ್ತಿ ಚೆನ್ನಾಗಿವೆ, ಕೆಲಸ ಜೋರಾಗಿ ನಡೆದಿದೆ ಎಂದು ಬರೆದಿದ್ದೆನಲ್ಲ, ಅದು ಶುದ್ಧ ಸುಳ್ಳು. ಒಂದೂ ಬದುಕಲಿಲ್ಲ. ಮಳೆಯಾದ ಮರುದಿನ ನೀನು ಬದುವಿನ ಮೇಲೆ ಓತಿಕೇತ ಎಲ್ಲಿ ಮಣ್ಣು ಕೆದರಿದೆಯೆಂದು ಹುಡುಕಿ, ಬೆರಳಿನಿಂದ ಅಗೆದು, ಅಮೀನಗಡದ ಕರದಂಟಿನ ಡಬ್ಬಿಯಲ್ಲಿ ಹಸಿ ಮಣ್ಣು ತುಂಬಿ ಕಳಿಸುತ್ತಿದ್ದೆ. ಕಂಡಕ್ಟರ್ ದಸ್ತಗೀರಸಾಬರು ಅದನ್ನು ಬಸ್ಸಿನಲ್ಲಿ ಕೂಸಿನ ಹಾಗೆ ಹಿಡಿದು ತರುತ್ತಿದ್ದರು. ನನ್ನ ಜೊತೆ ಮನೆ ಮಾಡಿರುವ ಸಾವಿತ್ರೆವ್ವ ಒಮ್ಮೆ ಕರದಂಟೆಂದೇ ತಿಳಿದು ಡಬ್ಬಿಗೆ ಕೈ ಹಾಕಿ, ಓಣಿಗೆಲ್ಲ ಕೇಳುವಂತೆ ಕಿರುಚಿದಳು. ಇಷ್ಟೆಲ್ಲ ಆಗಿಯೂ ತತ್ತಿಗಳು ಮೂರು ದಿನಕ್ಕೆ ಕುಗ್ಗಿ ಹಳದಿಯಾಗುತ್ತಿದ್ದವು. ನಾನು ಮನಸ್ಸಿನಲ್ಲೇ ಬಸ್ಸಿನ ಕುಲುಕಾಟವನ್ನು ಬೈದೆ. ನಿನ್ನ ಬೆರಳುಗಳನ್ನೂ ಬೈದೆ, ಕ್ಷಮಿಸು.

ತಪ್ಪು ನನ್ನದೇ ಆಗಿತ್ತು. ಕೋಳಿ ತನ್ನ ತತ್ತಿಯನ್ನು ದಿನಾ ಹೊರಳಿಸುತ್ತದೆ, ಇಲ್ಲದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ನಾಲ್ಕು ವರ್ಷ ಕೋಳಿಯ ತತ್ತಿ ಹೊರಳಿಸಿ ರೂಢಿಯಾದ ಈ ಕೈ, ಓತಿಕೇತದ ತತ್ತಿಗಳನ್ನೂ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹೊರಳಿಸಿತು. ಓತಿಕೇತದ ಮರಿಯೋ ಚಿಪ್ಪಿಗೆ ಅಂಟಿಕೊಂಡೇ ಬೆಳೆಯುತ್ತದೆ, ಹೊರಳಿಸಿದರೆ ಸಾಯುತ್ತದೆ. ಎಷ್ಟು ಶಿಸ್ತಿನಿಂದ ಕೊಂದೆ ನೋಡು! ಪಂಚಮಿಯ ಹೊತ್ತಿಗೆ ಮನಸ್ಸು ಸ್ವಲ್ಪ ಸೋತಿತ್ತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಆಗ ನಾಲ್ಕನೆಯ ಡಬ್ಬಿ ಬಂತು. ಹನ್ನೊಂದು ತತ್ತಿ, ಒಂದೊಂದರ ನೆತ್ತಿಗೂ ಕುಂಕುಮದ ಬೊಟ್ಟು. ನಮ್ಮವ್ವ ಪೂಜೆ ಮಾಡಿ ಕಳಿಸಿದ್ದಾಳೆ ಎಂದು ನಕ್ಕೆ. ದಸ್ತಗೀರಸಾಬರು ನಗಲಿಲ್ಲ.

“ಬೊಟ್ಟು ಮ್ಯಾಲ ಇರ್ಬೇಕಂತ್ರಿ,” ಎಂದರು. “ಮಣ್ಣಾಗ ಹೆಂಗ ಇದ್ದುವೋ ಹಂಗ ಇರ್ಲಿ, ಹೊಳ್ಳಿಸಬ್ಯಾಡ ಅಂತ ಹೇಳ್ಯಾರ ನಿಮ್ಮವ್ವಾರು. ಕಳೆ ತಗಿಯೂವಾಗ ಅವರ ಕೈಯಾಗ ಹೊಳ್ಳಿದ ತತ್ತಿ ಒಂದೂ ಮರಿ ಆಗಿಲ್ಲಂತ.”

ನಾನು ಹೊರಳಿಸುತ್ತಿದ್ದುದು ಮರೋಳದಲ್ಲಿ ಕೂತ ನಿನಗೆ ಹೇಗೆ ತಿಳಿಯಿತೋ! ಹೆತ್ತವ್ವ, ಹೇಗೋ ತಿಳಿದಿರಬೇಕು ಎಂದುಕೊಂಡೆ. ಬೊಟ್ಟು ಮೇಲಿಟ್ಟು ಕೈ ಕಟ್ಟಿಕೊಂಡು ಕೂತೆ. ಹನ್ನೊಂದರಲ್ಲಿ ಒಂಬತ್ತು ಬದುಕಿದವು ಅವ್ವಾ!

ಕೋಳಿಯ ತತ್ತಿಗಳಿಗೆ ಸಣ್ಣ ಕಿಟಕಿ ಕೊರೆದು, ಸೂಜಿಯ ತುದಿಯಿಂದ ಓತಿಕೇತದ ಚೂರು ಕೂರಿಸಿ, ಕಿಟಕಿಗೆ ಟೇಪು ಅಂಟಿಸಿ ಏಳು ದಿನ ಕಾದೆ. ಆ ಏಳು ದಿನ ನಾನು ಏನು ತಿಂದೆ ಎಂದು ಸಾವಿತ್ರೆವ್ವನನ್ನೇ ಕೇಳಬೇಕು. ಹೊರತೆಗೆದು ಬಣ್ಣ ಹಾಕಿದಾಗ ಎಳೆಯ ಎಲುಬುಗಳು ನೀಲಿಯಾಗಿ ಕಂಡವು. ಕೋಳಿಯ ರೆಕ್ಕೆಯಲ್ಲಿ ಮೂರು ಬೆರಳು. ಆ ಮೂರೂ ಇದ್ದವು, ಪಕ್ಕದಲ್ಲಿ ಕನ್ನಡಿ ಹಿಡಿದಂತೆ ಇನ್ನೂ ಮೂರು! ಹೊಸ ಮೂರೂ ಕೋಳಿಯ ಬೆರಳೇ, ಓತಿಕೇತದ್ದು ಒಂದೂ ಅಲ್ಲ. ಮಾತು ಮಾತ್ರ ಓತಿಕೇತದ್ದು, ಅದನ್ನು ಕೇಳಿಸಿಕೊಂಡು ಕೋಳಿ ತನಗೆ ಬರುವ ಕೆಲಸವನ್ನೇ ಮಾಡಿದೆ. ಒಂಬತ್ತರಲ್ಲಿ ಐದು ಹೀಗಾಗಿವೆ. ಬೇರೆ ದೇಶಗಳಲ್ಲಿ ಬೇರೆ ಪ್ರಾಣಿಗಳಲ್ಲಿ ಇಂಥದ್ದನ್ನು ಕಂಡವರಿದ್ದಾರೆ. ನಮ್ಮ ಬದುವಿನ ಓತಿಕೇತ ಮಾತಾಡಿದ್ದನ್ನು ಕಂಡವಳು ಮಾತ್ರ ನಾನು. ಬಾಗಿಲು ಹಾಕಿಕೊಂಡು ಅತ್ತೆ, ಆಮೇಲೆ ನಕ್ಕೆ.

ಸರ್ ಹೋಗುವಾಗ “ಇನ್ನ ಕುಂತ ಥೀಸಿಸ್ ಬರಿಯವಾ, ದೀಪಾವಳಿಗೆ ಕೊಟ್ಟ ಬಿಡೂಣು” ಎಂದರು. ಅಪ್ಪನಿಗೆ ಹೇಳು. ಕುರಿ ಕಾಯುವಲ್ಲಿ ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ, ಆರನ್ನು ಹತ್ತು ಮಾಡುತ್ತಾನೆ. ಮಾಡಲಿ ಬಿಡು.

ಓತಿಕೇತದ ಬಾಣಂತಿತನ ಮುಗಿಸಿದ
ನಿನ್ನ ಮಗಳು,
ಲಗಮವ್ವ

ತಾ.ಕ.: ಅತ್ತಿಗೆ, ಇಲ್ಲಿಂದ ಮುಂದಿನದನ್ನು ಅಪ್ಪ ಹೊರಗೆ ಹೋದ ಮೇಲೆ ಓದು.

ಅವ್ವಾ, ಈ ಪತ್ರ ಒಯ್ಯಲು ಈಗಷ್ಟೇ ದಸ್ತಗೀರಸಾಬರು ಬಂದಿದ್ದಾರೆ. ಆರು ಬೆರಳಿನ ಸುದ್ದಿ ಕೇಳಿದ ಖುಷಿಗೆ ಅವರ ಬಾಯಿ ಸಡಿಲಾಯಿತು. ಪಂಚಮಿಗೆ ಮುಂಚೆ ನಾನು ಅಪ್ಪನ ಹೆಸರಿಗೆ ಒಂದು ಪತ್ರ ಬರೆದು ಇವರ ಕೈಯಲ್ಲೇ ಕೊಟ್ಟಿದ್ದೆ. ದಿನಾ ಎರಡು ಸಲ ತಪ್ಪದೆ ಹೊರಳಿಸಿದರೂ ತತ್ತಿಗಳು ಸಾಯುತ್ತಿವೆ, ಇದು ನನ್ನಿಂದಾಗದು, ಓದು ನೌಕರಿ ಎರಡೂ ಬಿಟ್ಟು ಬರುತ್ತೇನೆ, ಟ್ರಂಕು ತರಲು ಹುಲ್ಲಪ್ಪಣ್ಣನನ್ನು ಕಳಿಸು ಎಂದು. ಉತ್ತರ ಬರಲಿಲ್ಲ. ಪತ್ರ ಎಲ್ಲೋ ಬಿದ್ದುಹೋಗಿದೆ ಎಂದು ತಿಳಿದಿದ್ದೆ.

ಅತ್ತಿಗೆ ತವರಿಗೆ ಹೋಗಿದ್ದಳೆಂದು ಅದನ್ನು ನೀನು ಬಸ್ಸಿನ ಬಾಗಿಲಲ್ಲೇ ಇವರಿಂದ ಓದಿಸಿದೆಯಂತೆ. ಪೂರಾ ಕೇಳಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಬಸ್ ಜರಾ ನಿಂದ್ರಸ್ರಿ ಅಣ್ಣಾ, ಬಂದೆ” ಎಂದು ಹೊಲಕ್ಕೆ ಓಡಿದೆಯಂತೆ. ಅರ್ಧ ತಾಸು ಬಸ್ಸು ನಿಂತಿತಂತೆ, ಒಳಗಿದ್ದವರೆಲ್ಲ ಬೈದರಂತೆ. ತಿರುಗಿ ಬಂದು ಡಬ್ಬಿ ಕೊಟ್ಟು, “ಆ ಪತ್ರ ನೀವು ಓದಿಲ್ಲ, ನಾ ಕೇಳಿಲ್ಲ” ಅಂದೆಯಂತೆ.

ಹಾಗಾದರೆ ನಾನೂ ಬರೆದಿಲ್ಲ, ಅವ್ವಾ.