ಚಿಟ್ಟೆಗಿಂತ ದುಂಬಿ

ಹೊಸಮನೆ, ಶಿವಮೊಗ್ಗ
21-11-2024

ಪ್ರೀತಿಯ ಸುಶ್ಮಿತಾ,

ಹೇಗಿದ್ದೀಯ ಮಾರಾಯ್ತಿ? ನಿನ್ನ ಫೋನು ಎತ್ತದೇ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬಾಯಿಬಿಟ್ಟರೆ ಅಳುವೇ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ ಭದ್ರಾವತಿಯ ಡಾಕ್ಟರಿಗೂ ನಮ್ಮ ದೊಡ್ಡ ಮಗಳು ಸ್ಫೂರ್ತಿಯನ್ನು ತೋರಿಸಿದೆವು. ಅವರದೂ ಅದೇ ಮಾತು. ಕಣ್ಣಿನ ಒಳಪರದೆ ಸವೆಯುತ್ತಿದೆ, ಹುಟ್ಟಿನಿಂದಲೇ ಬಂದದ್ದು, ಔಷಧವಿಲ್ಲ. ಕಾಣುವಷ್ಟು ದಿನ ಮಗುವಿಗೆ ಏನೇನು ತೋರಿಸಬೇಕೋ ತೋರಿಸಿ ಎಂದರು. ಇವರು ಆ ಮಾತನ್ನೇ ಹಿಡಿದುಕೊಂಡು ಭಾನುವಾರ ನಮ್ಮನ್ನೆಲ್ಲ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೊರಡಿಸಿದರು.

ಆನೆ ಅವಳಿಗೆ ಬರೀ ಕಪ್ಪಗೆ ಕಂಡಿತಂತೆ. ಹೊಳೆಯ ದಂಡೆಯ ಒದ್ದೆ ಮಣ್ಣಿನ ಮೇಲೆ ಅಂಗೈಯಗಲದ ಚಿಟ್ಟೆಯೊಂದು ಕೂತಿತ್ತು. ಕರಿ ರೆಕ್ಕೆ, ಕೆಳಗೆ ಅರಿಸಿನದ ಬಣ್ಣ. ಇವರು ಬೆರಳು ತೋರಿಸಿದ್ದೇ ತೋರಿಸಿದ್ದು. ಅವಳು ಬೇರೆಲ್ಲೋ ನೋಡುತ್ತಾ ಚೆನ್ನಾಗಿದೆ ಎಂದಳು. ನಮ್ಮ ಸಮಾಧಾನಕ್ಕೆ ಹೇಳಿದ್ದು ಅಂತ ಗೊತ್ತಾಯಿತು. ಇವರು ತಡೆಯಲಾರದೆ ಅದನ್ನು ಹಿಡಿದು ಅವಳ ಕೈಗಿಟ್ಟರು. ಅವಳು ಮೆಲ್ಲಗೇ ಸವರಿದಳು. ಆದರೂ ರೆಕ್ಕೆಯ ಪುಡಿಯೆಲ್ಲ ಬೆರಳಿಗೆ ಬಂತು, ಅಂಚು ಹರಿಯಿತು. ಬಿಟ್ಟರೆ ಹಾರಲಿಲ್ಲ.

"ಸತ್ತೋಯ್ತಾ ಅಪ್ಪಾಜಿ?" ಎಂದಳು.

ಇಲ್ಲ ಪುಟ್ಟಾ, ಹಾರಿಹೋಯ್ತು ಎಂದು ಇವರು ಸುಳ್ಳು ಹೇಳಿದರು.

ವಾಪಸು ಬರುವಾಗ ಟೀ ಅಂಗಡಿಯ ಮುಂದೆ ಕೊಂಬಿರುವ ದೊಡ್ಡ ಕರಿ ದುಂಬಿಯೊಂದು ಅಂಗಾತ ಬಿದ್ದು ಗುಂಯ್‌ಗುಟ್ಟುತ್ತಿತ್ತು. ಸದ್ದು ಕೇಳಿ ಅವಳೇ ಕೈ ಚಾಚಿದಳು. ಕೊಂಬು, ಮುಳ್ಳುಗಾಲು, ಬೆನ್ನಿನ ಚಿಪ್ಪು, ಚಿಪ್ಪಿನಡಿ ಮಡಚಿಟ್ಟ ತೆಳು ರೆಕ್ಕೆ ಎಲ್ಲವನ್ನೂ ತಡವಿ ತಡವಿ ತಿಳಿದುಕೊಂಡಳು. ಅದು ಅವಳ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವಳು ನಕ್ಕದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ.

"ಚಿಟ್ಟೆಗಿಂತ ಇದೇ ಚೆನ್ನಾಗಿದೆ ಅಪ್ಪಾಜಿ. ಮುಟ್ಟಿದ್ರೂ ಏನೂ ಆಗಲ್ಲ. ಇನ್ಮೇಲೆ ನಂಗೆ ಇಂಥವನ್ನೇ ತೋರ್ಸಿ."

ಚಿಟ್ಟೆಗೆ ಎಷ್ಟು ಬಣ್ಣ ಇರುತ್ತೆ ಗೊತ್ತಾ ಎಂದು ಇವರು ಶುರು ಮಾಡಿದರು. ಮುಗಿಸಲಾಗದೆ ಕಾರಿನ ಹಿಂದೆ ಹೋಗಿ ನಿಂತರು. ನಾನು ಮಗಳ ಪಕ್ಕದಲ್ಲೇ ಉಳಿದೆ.

ನಿಮ್ಮಮ್ಮ ಜಲಜಮ್ಮನವರ ಮಂಡಿನೋವು ಕಡಿಮೆಯಾಯಿತೇ? ನಮಸ್ಕಾರ ತಿಳಿಸು. ನಿನ್ನ ಮಗ ನವೀನನಿಗೆ ಆಶೀರ್ವಾದ. ಅವನು ಕಣ್ತುಂಬ ಲೋಕ ನೋಡಲಿ.

ನಿನ್ನ
ಮೈತ್ರಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಮುಸ್ಸಂಜೆ, ಲೈಟು ಹಾಕುವ ಮೊದಲು, ಚಿಕ್ಕವಳು ಅಮೂಲ್ಯ ನಡುಮನೆಯಲ್ಲಿ ಓಡಿಬಂದು ಎದುರಿಗೇ ಇದ್ದ ಕುರ್ಚಿಗೆ ಢಿಕ್ಕಿ ಹೊಡೆದಳು. ಕುರ್ಚಿ ಕಾಣಲಿಲ್ಲ ಅಂದಳು. ಸ್ಫೂರ್ತಿಗೂ ಹೀಗೇ ಶುರುವಾಗಿದ್ದು. ಇವರೂ ಅಲ್ಲೇ ಇದ್ದರು. ಎದ್ದು ಲೈಟು ಹಾಕಿದರು.